ಪ್ರಾರ್ಥನೆಗೆ ಕೂತರೆ ತೂಕದ ಸ್ಕೇಲ್ ಕಣ್ಣ ಮುಂದೆ ಬರುತ್ತದೆ, ಏನು ಮಾಡಲಿ?

ತೋಟದ_ರೈಟರ್ (ಮೂಡಿಗೆರೆ)

ಎಲ್ಲರಿಗೂ ವಂದನೆ. ನನ್ನ ಊರು ಹಾಸನದ ಕಡೆ. ಆರು ವರ್ಷದಿಂದ ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ, ತೋಟದವರಿಗೆ ಗೊತ್ತು. ಹಾಜರಿ, ಚೆಕ್‌ರೋಲ್ (ಆಳುಗಳ ಕೂಲಿ ಪಟ್ಟಿ), ಡೀಸೆಲ್ ಲೆಕ್ಕ, ಕೊಯ್ಲಿನ ತೂಕ ಎಲ್ಲ ನನ್ನ ತಲೆ ಮೇಲೆ.

ವಿಷಯಕ್ಕೆ ಬರುತ್ತೇನೆ. ಚಿಕ್ಕಂದಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸಂಡೇ ಸ್ಕೂಲ್, ಕ್ರಿಸ್‌ಮಸ್ ಕ್ಯಾರಲ್ಸ್ ಎಲ್ಲ ಆಗಿದೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಸತ್ಯವೇದ (ಬೈಬಲ್) ನನ್ನ ಕೈಗೆ ಬಂತು. ಅದರಲ್ಲಿ ಅರ್ಧಕ್ಕರ್ಧ ಪುಟಗಳಲ್ಲಿ ಪೆನ್ಸಿಲ್ ಗೆರೆ, ಎಣ್ಣೆ ಕೈಯ ಗುರುತು. ನನ್ನದು ಹೊಸದಾಗಿಯೇ ಇತ್ತು, ಜಿಪ್ ಹಾಕಿದ ಕವರ್ ಸಮೇತ. ಅದನ್ನು ನೋಡಿ ನಾಚಿಕೆ ಆಯಿತು. ಹೆಸರಿಗೆ ಕ್ರೈಸ್ತನಾಗಿ ಇದ್ದದ್ದು ಸಾಕು, ಕ್ರಿಸ್ತನಿಗೆ ನಿಜವಾಗಿ ಹತ್ತಿರ ಆಗಬೇಕು ಅನ್ನಿಸಿತು.

ಡಿಸೆಂಬರ್ 1ರಿಂದ ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದೇನೆ. ಒಂದು ಗಂಟೆ ಪ್ರಾರ್ಥನೆ, ದಿನಕ್ಕೆ ಮೂರು ಅಧ್ಯಾಯ ಓದು, ಶುಕ್ರವಾರ ಮಧ್ಯಾಹ್ನ ಉಪವಾಸ. ಕುಡಿಯುವುದಿಲ್ಲ, ಗುಟ್ಕಾ ಬಿಟ್ಟು ಎರಡು ವರ್ಷ ಆಯಿತು. ಆದರೆ ನಿಜ ಹೇಳಬೇಕೆಂದರೆ ಮೊದಲಿಗಿಂತ ಈಗಲೇ ದೇವರು ಜಾಸ್ತಿ ದೂರ ಇದ್ದ ಹಾಗೆ ಅನ್ನಿಸುತ್ತಿದೆ. ಓದು ಸತ್ಯವೇದದ ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬಂದು ನಿಂತುಬಿಟ್ಟಿದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಐದು ನಿಮಿಷದಲ್ಲಿ ಮನಸ್ಸು ತೋಟಕ್ಕೆ ಹೋಗುತ್ತದೆ. ಅದೂ ಬೇರೆಲ್ಲೂ ಅಲ್ಲ, ಸೀದಾ ತೂಕದ ಸ್ಕೇಲ್ ಹತ್ತಿರ. ಸಂಜೆ ಐದು ಗಂಟೆ, ಆಳುಗಳ ಸಾಲು, ಚೀಲ, ಕೆಂಪು ನಂಬರ್. ದಿನಾ ಇದೇ.

ಗಮನ ಚೆದುರದ ಹಾಗೆ ಪ್ರಾರ್ಥಿಸುವುದು ಹೇಗೆ? ಯಾವ ಅಭ್ಯಾಸ ನಿಮಗೆ ಕೆಲಸ ಮಾಡಿದೆ? ದಯವಿಟ್ಟು 'ಇನ್ನೂ ಬೇಗ ಏಳಿ' ಅಂತ ಮಾತ್ರ ಹೇಳಬೇಡಿ. ಇದು ಕೊಯ್ಲಿನ ಕಾಲ, ರಾತ್ರಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನಿಲ್ಲುವುದೇ ಹನ್ನೊಂದಕ್ಕೆ.

---

ಎರಡು_ಮಕ್ಕಳ_ತಾಯಿ (ಚಿಕ್ಕಮಗಳೂರು)

ನಾಲ್ಕೂವರೆಗಾ! ರಾತ್ರಿ ಹನ್ನೊಂದರ ತನಕ ಪಲ್ಪರ್ ಹತ್ತಿರ ನಿಂತು ಬೆಳಗ್ಗೆ ನಾಲ್ಕೂವರೆಗೆ ಮೊಣಕಾಲೂರಿದರೆ ಮನಸ್ಸು ಚೆದುರದೆ ಇನ್ನೇನಾಗುತ್ತದೆ ತಮ್ಮಾ? ನಿದ್ದೆ ಬರದೆ ಇರುವುದೇ ದೊಡ್ಡದು.

ನನ್ನ ಕಥೆ ಹೇಳುತ್ತೇನೆ. ಮದುವೆಗೆ ಮುಂಚೆ ನಾನೂ ಗಂಟೆಗಟ್ಟಲೆ ಕೂರುತ್ತಿದ್ದೆ. ಮಕ್ಕಳಾದ ಮೇಲೆ ಎಲ್ಲ ಹೋಯಿತು. ಮೂರು ವರ್ಷ ಸತ್ಯವೇದ ತೆಗೆದದ್ದು ಭಾನುವಾರ ಮಾತ್ರ. ತಪ್ಪಿತಸ್ಥ ಭಾವನೆ ಬೇರೆ. ಆಮೇಲೆ ಒಬ್ಬರು ಹಿರಿಯರು ನಾಲ್ಕು ಸುವಾರ್ತೆ ಮಾತ್ರ ಓದು, ದಿನಕ್ಕೆ ಒಂದೇ ಅಧ್ಯಾಯ ಅಂದರು. ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 21. ಒಟ್ಟು 89. ಮೂರು ತಿಂಗಳಲ್ಲಿ ಮುಗಿಯುತ್ತದೆ. ಮುಗಿದರೆ ಮತ್ತೆ ಮೊದಲಿಂದ. ನಾನು ಈಗ ಐದನೇ ಸುತ್ತಿನಲ್ಲಿದ್ದೇನೆ. ಯೇಸು ಯಾರ ಜೊತೆ ಹೇಗೆ ಮಾತಾಡಿದರು, ಯಾವಾಗ ಸಿಟ್ಟಾದರು, ಯಾವಾಗ ಸುಮ್ಮನಿದ್ದರು ಅನ್ನುವುದು ಈಗ ನಮ್ಮ ಮನೆಯ ಹಿರಿಯರ ಸ್ವಭಾವ ಗೊತ್ತಿದ್ದ ಹಾಗೆ ಗೊತ್ತಾಗುತ್ತದೆ. ಹತ್ತಿರ ಆಗುವುದು ಅಂದರೆ ಇದೂ ಒಂದು ಅಲ್ವಾ?

ಇನ್ನೊಂದು. ಪ್ರಾರ್ಥನೆಗೆ ಬೇರೆ ಸಮಯ ಸಿಗದಿದ್ದರೆ ಕೆಲಸಕ್ಕೇ ಅದನ್ನು ಕಟ್ಟಿಬಿಡಿ. ನನಗೆ ರೊಟ್ಟಿ ಸಮಯ. ಅಕ್ಕಿ ರೊಟ್ಟಿ ತಟ್ಟುವಾಗ ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರು. ಗಂಡ, ಮಕ್ಕಳು, ಅತ್ತೆ, ಪಕ್ಕದ ಮನೆಯವರು. ಅತ್ತೆಯ ರೊಟ್ಟಿ ಒಂದೊಂದು ದಿನ ಸೀದು ಹೋಗುತ್ತದೆ, ಅದು ಬೇರೆ ವಿಷಯ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅವರಿಗೆ ಹಾಕಿದ್ದು ಅಡುಗೆಮನೆ ಕೆಲಸ, ಅವರಿಗೆ ಅದು ಸ್ವಲ್ಪವೂ ಇಷ್ಟ ಇರಲಿಲ್ಲ. ಆದರೂ ಪಾತ್ರೆ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಆಮೇಲೆ ಕಾಲು ಸರಿ ಇಲ್ಲ ಅಂತ ಚಪ್ಪಲಿ ರಿಪೇರಿಗೆ ಹಾಕಿದರು, ಅಲ್ಲೂ ಅದೇ.

ಮಾರ್ಕ 1:35 ಓದಿ. ಯೇಸು ನಸುಕಿನಲ್ಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗುತ್ತಾರೆ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಮೂರು ವಚನವನ್ನೂ ಓದಿ. ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಕೇಳುತ್ತಿದ್ದಾರೆ ಅನ್ನುತ್ತಾರೆ. ಅವರು ಬೈಯುವುದಿಲ್ಲ, ಎದ್ದು ಪಕ್ಕದ ಊರಿಗೆ ಹೊರಡುತ್ತಾರೆ. ಪ್ರಾರ್ಥನೆಗೆ ಅಡ್ಡ ಬಂದರು ಅಂತ ಅವರು ಅಂದುಕೊಂಡ ಹಾಗೆ ಕಾಣುವುದಿಲ್ಲ.

---

ಆಲೂರು_ಹುಡುಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಮೇಲಿನದೆಲ್ಲ ಒಳ್ಳೆಯದೇ. ಆದರೆ ಈ ಪಟ್ಟಿ ನೋಡಿ ನನಗೆ ಭಯ ಆಯಿತು. ನಾಲ್ಕೂವರೆ, ಮೂರು ಅಧ್ಯಾಯ, ಉಪವಾಸ, ಗುಟ್ಕಾ ಇಲ್ಲ. ಇದು ದೇವರ ಹತ್ತಿರ ಚೆಕ್‌ರೋಲ್ ತೋರಿಸಿ ಹಾಜರಿ ಹಾಕಿಸಿಕೊಂಡ ಹಾಗಿದೆ. ಎಫೆಸ 2:8-9 ನೋಡಿ. ರಕ್ಷಣೆ ಕೃಪೆಯಿಂದ, ನಮ್ಮ ಕೆಲಸದಿಂದಲ್ಲ. ಹತ್ತಿರ ಬಂದವನು ಅವನು, ನಾವಲ್ಲ. ನಾನೂ ಹೀಗೇ ಪಟ್ಟಿ ಮಾಡಿ ಎರಡು ವರ್ಷ ಒದ್ದಾಡಿ ಕೊನೆಗೆ ಎಲ್ಲ ಬಿಟ್ಟು ಆರಾಮಾಗಿದ್ದೇನೆ. ನೀವೂ ಸುಮ್ನೆ ಆರಾಮಾಗಿರಿ ಬ್ರದರ್.

---

ಎರಡು_ಮಕ್ಕಳ_ತಾಯಿ (ಚಿಕ್ಕಮಗಳೂರು)

@ಆಲೂರು_ಹುಡುಗ 8 ಮತ್ತು 9 ಓದಿದವರು 10ನ್ನು ಯಾಕೆ ಬಿಡುತ್ತೀರೋ! ನಾವು ಸತ್ಕಾರ್ಯಕ್ಕಾಗಿಯೇ ಸೃಷ್ಟಿಯಾದವರು ಅಂತ ಅಲ್ಲೇ ಇದೆ. ಪಟ್ಟಿ ಬಿಟ್ಟು ಆರಾಮಾಗಿದ್ದೀರಿ ಸರಿ. ಹತ್ತಿರ ಇದ್ದೀರಾ?

---

ಆಲೂರು_ಹುಡುಗ

ಅಕ್ಕಾ, ಅದು ಕಷ್ಟದ ಪ್ರಶ್ನೆ. ಆಮೇಲೆ ಬರುತ್ತೇನೆ.

---

ನಿವೃತ್ತ_ನರ್ಸ್ (ಹಾಸನ)

ಈ ಚರ್ಚೆ ಎಲ್ಲ ಓದಿದೆ. ಮಗಾ ರೈಟರ್, ನಿನಗೆ ಒಂದೇ ಒಂದು ಪ್ರಶ್ನೆ. ಮನಸ್ಸು ತೋಟಕ್ಕೆ ಹೋಗುತ್ತದೆ ಅಂದೆ. ತೋಟದಲ್ಲಿ ನೂರು ಜಾಗ ಇದೆ. ಕಣ ಇದೆ, ಪಲ್ಪರ್ ಇದೆ, ಆಫೀಸ್ ಇದೆ, ಲೈನ್ ಮನೆ ಇದೆ. ದಿನಾ ಸ್ಕೇಲ್ ಹತ್ತಿರವೇ ಯಾಕೆ ಹೋಗುತ್ತದೆ?

ನಲವತ್ತು ವರ್ಷ ರೋಗಿಗಳ ಮಧ್ಯೆ ಇದ್ದವಳು ನಾನು. ನೋವು ಎಲ್ಲಿದೆಯೋ ಕೈ ಅಲ್ಲಿಗೇ ಹೋಗುತ್ತದೆ. ರೋಗಿ ಬಾಯಲ್ಲಿ ಏನೇ ಹೇಳಲಿ, ನಾನು ಮೊದಲು ಅವನ ಕೈ ಎಲ್ಲಿದೆ ಅಂತ ನೋಡುತ್ತಿದ್ದೆ.

ನಾನು ಕಥೋಲಿಕಳು. ನಮ್ಮಲ್ಲಿ ಆತ್ಮಪರಿಶೋಧನೆ ಅಂತ ಒಂದು ಅಭ್ಯಾಸ ಇದೆ. ಐದುನೂರು ವರ್ಷದ ಹಿಂದೆ ಸಂತ ಇಗ್ನೇಷಿಯಸ್ ಅದಕ್ಕೊಂದು ರೂಪ ಕೊಟ್ಟರು. ಅವರು ಕಟ್ಟಿದ ಯೇಸು ಸಭೆಯ (ಜೆಸ್ವಿಟ್) ಗುರುಗಳು ಇವತ್ತಿಗೂ ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಅದನ್ನು ಮಾಡುತ್ತಾರೆ. ದೊಡ್ಡ ವಿಷಯ ಏನಲ್ಲ. ಮೊದಲು ದಿನಕ್ಕಾಗಿ ಥ್ಯಾಂಕ್ಸ್ ಹೇಳು. ಬೆಳಕು ಕೊಡು ಅಂತ ಕೇಳು. ಆಮೇಲೆ ಬೆಳಗ್ಗೆಯಿಂದ ಗಂಟೆ ಗಂಟೆ ಹಿಂದೆ ನೋಡುತ್ತಾ ಬಾ, ಸಿನಿಮಾ ರೀಲ್ ಓಡಿಸಿದ ಹಾಗೆ. ಎಲ್ಲಿ ಮನಸ್ಸು ಚುಚ್ಚುತ್ತದೋ ಅಲ್ಲಿ ನಿಲ್ಲು. ಕ್ಷಮೆ ಕೇಳು. ನಾಳೆ ಆ ಜಾಗದಲ್ಲಿ ಏನು ಮಾಡುತ್ತೀ ಅಂತ ತೀರ್ಮಾನಿಸು. ಹತ್ತು ನಿಮಿಷ ಸಾಕು. ನಾನು ನೈಟ್ ಡ್ಯೂಟಿ ಮುಗಿಸಿ ಬಸ್‌ನಲ್ಲಿ ಕೂತು ಮಾಡುತ್ತಿದ್ದೆ. ಒಂದೊಂದು ದಿನ ಸ್ಟಾಪ್ ದಾಟಿ ಹೋಗಿದ್ದೂ ಉಂಟು.

ನೀನು ಚೆದುರಿದ ಗಮನ ಅನ್ನುತ್ತಿದ್ದೀಯ. ನನಗೆ ಅದೇ ನಿನ್ನ ಪ್ರಾರ್ಥನೆ ಅಂತ ಕಾಣುತ್ತಿದೆ. ನೀನು ಕೇಳಿದ್ದಕ್ಕೆ ಅಲ್ಲಿಂದ ದಿನಾ ಉತ್ತರ ಬರುತ್ತಿದೆ, ನೀನು ಅದನ್ನು ಡಿಸ್ಟರ್ಬೆನ್ಸ್ ಅಂತ ಪಕ್ಕಕ್ಕೆ ತಳ್ಳುತ್ತಿದ್ದೀಯ. ಮತ್ತಾಯ 5:23-24 ನಿನಗೆ ಗೊತ್ತೇ ಇರುತ್ತದೆ. ಕಾಣಿಕೆ ಕೊಡಲು ಬಂದವನಿಗೆ ಅಲ್ಲೇ ಏನೋ ನೆನಪಾಗುತ್ತದೆ. ಎಲ್ಲಿ ನೆನಪಾಗುತ್ತದೆ ನೋಡು, ಯಜ್ಞವೇದಿಯ ಮುಂದೆಯೇ. ಮನೆಯಲ್ಲಿ ನೆನಪಾಗಲಿಲ್ಲ, ದಾರಿಯಲ್ಲೂ ಇಲ್ಲ. ಯೇಸು ಅವನಿಗೆ ಗಮನ ಕೊಟ್ಟು ಪೂಜೆ ಮುಗಿಸು ಅನ್ನಲಿಲ್ಲ. ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂದರು.

ನನ್ನ ಅಜ್ಜಿಯ ನೆನಪು ಬಂತು. ಅವರು ಶೆಟ್ಟಿಹಳ್ಳಿ ಕಡೆಯವರು. ಈಗ ಎಲ್ಲರೂ ಫೋಟೋ ತೆಗೆಸಲು ಹೋಗುತ್ತಾರಲ್ಲ, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವ ಆ ಚರ್ಚ್, ಅದೇ. ಅದು ಜಪಸರ ಮಾತೆಯ ಹೆಸರಿನ ದೇವಾಲಯ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಆದಾಗ ಊರವರು ಬೇರೆ ಕಡೆ ಹೋಗಬೇಕಾಯಿತು. ಅಜ್ಜಿ ಹೊಸ ಊರಲ್ಲಿ ಜಪಸರ ಬಿಡಲಿಲ್ಲ. ಆದರೆ ಒಂದು ಸಂಜೆ ಅರ್ಧಕ್ಕೇ ಎದ್ದು, ಮಣಿ ಸೆರಗಿಗೆ ಸುತ್ತಿಕೊಂಡು, ಪಕ್ಕದ ಮನೆಗೆ ಹೋಗಿ ಎರಡು ಸೇರು ರಾಗಿ ಕೊಟ್ಟು ಬಂದರು. ಬೆಳಗ್ಗೆ ಸಾಲ ತೀರಿಸುವಾಗ ಕಡಿಮೆ ಅಳೆದಿದ್ದರಂತೆ. ಬಂದು ಬಿಟ್ಟಲ್ಲಿಂದ ಮುಂದುವರಿಸಿದರು. ನಾನಾಗ ಏಳೆಂಟು ವರ್ಷದವಳು. ಉಳಿದ ಪ್ರಾರ್ಥನೆ ಬೇಗ ಬೇಗ ಮುಗಿಯಿತು ಅನ್ನುವುದೇ ಅವತ್ತು ನನಗೆ ಖುಷಿ.

ಸ್ಕೇಲ್ ಹತ್ತಿರ ಏನಿದೆ, ಹೇಳು.

---

ತೋಟದ_ರೈಟರ್ (ಮೂಡಿಗೆರೆ)

ಅಮ್ಮಾ, ಎರಡು ದಿನ ಉತ್ತರ ಬರೆಯಲಿಲ್ಲ. ಬರೆದು ಬರೆದು ಅಳಿಸಿದೆ.

ಹೇಳುತ್ತೇನೆ. ನಮ್ಮಲ್ಲಿ ಕೊಯ್ಲಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಈ ವರ್ಷ ಕೆಜಿಗೆ ಐದು ರೂಪಾಯಿ. ಸಂಜೆ ಚೀಲ ತೂಗಿ, ಚೀಲದ ತೂಕ ಅಂತ ಒಂದೊಂದು ಚೀಲಕ್ಕೆ ಒಂದು ಕೆಜಿ ಕಳೆದು ಬರೆಯುತ್ತೇವೆ. ನಾನು ಬರುವುದಕ್ಕೆ ಮುಂಚಿನಿಂದ ಇರುವ ಪದ್ಧತಿ. ಆಗ ಗೋಣಿಚೀಲ ಇತ್ತು. ಮಂಜಿಗೆ ನೆನೆದ ಗೋಣಿಚೀಲ ಒಂದು ಕೆಜಿ ಹತ್ತಿರ ತೂಗುತ್ತಿತ್ತು, ಸರಿ. ಈಗ ಎಲ್ಲ ಪ್ಲಾಸ್ಟಿಕ್ ಚೀಲ. ಚೀಲ ಬದಲಾಯಿತು, ಆ ಒಂದು ಕೆಜಿ ಹಾಗೇ ಉಳಿಯಿತು.

ನಿನ್ನೆ ರಾತ್ರಿ ಎಲ್ಲರೂ ಹೋದ ಮೇಲೆ ಖಾಲಿ ಚೀಲ ತೂಗಿ ನೋಡಿದೆ. 120 ಗ್ರಾಂ.

ಲೆಕ್ಕ ನನಗೆ ಬರುತ್ತದೆ, ಅದೇ ತೊಂದರೆ. ಈಗ 38 ಜನ ಕೊಯ್ಯುತ್ತಿದ್ದಾರೆ. ಒಬ್ಬರಿಗೆ ದಿನಕ್ಕೆ ಸರಾಸರಿ ಎರಡು ಚೀಲ. ಅಂದರೆ ಒಬ್ಬರಿಗೆ 1 ಕೆಜಿ 760 ಗ್ರಾಂ ಹೋಗುತ್ತಿದೆ, ಎಂಟು ರೂಪಾಯಿ ಎಂಬತ್ತು ಪೈಸೆ. ಐವತ್ತು ದಿನದ ಕೊಯ್ಲಿಗೆ 440 ರೂಪಾಯಿ. ಎಲ್ಲರದ್ದೂ ಸೇರಿದರೆ 16,720. ಇದು ಒಂದು ವರ್ಷದ್ದು. ನನ್ನ ಜೇಬಿಗೆ ಒಂದು ಪೈಸೆ ಬಂದಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಬರೆಯುವ ಕೈ ನನ್ನದು.

ಎಂಟು ರೂಪಾಯಿ ಅಲ್ವಾ, ಒಂದು ಟೀಗೂ ಬರುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಅಸ್ಸಾಂ ಕಡೆಯ ಒಬ್ಬ ಹೆಂಗಸು ದಿನಾ ನಂಬರ್ ನೋಡಿ ಬೆರಳಲ್ಲಿ ಏನೋ ಎಣಿಸುತ್ತಾಳೆ. ಏನೂ ಕೇಳುವುದಿಲ್ಲ. ಬೆಳಗ್ಗೆ ಕಣ್ಣು ಮುಚ್ಚಿದರೆ ಆ ಬೆರಳೇ ಕಾಣುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. ಯಾಜಕಕಾಂಡದಲ್ಲಿ ನಿಂತಿದ್ದೇನೆ ಅಂದೆನಲ್ಲ, ಬೋರ್ ಆಗಿ ನಿಂತದ್ದಲ್ಲ. 19ನೇ ಅಧ್ಯಾಯದ ಕೊನೆಯಲ್ಲಿ ಅಳತೆ ತೂಕದಲ್ಲಿ ಮೋಸ ಬೇಡ, ನ್ಯಾಯವಾದ ತಕ್ಕಡಿ ಇರಲಿ ಅಂತ ಎರಡು ವಚನ ಇವೆ. ಅಪ್ಪ ಅದರ ಕೆಳಗೆ ಪೆನ್ಸಿಲ್ ಗೆರೆ ಹಾಕಿದ್ದಾರೆ. ಅವರು ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದವರು.

---

ಆಲೂರು_ಹುಡುಗ

ಇದನ್ನು ಓದಿ ನಾನು ಹೇಳಿದ್ದ 'ಆರಾಮಾಗಿರಿ' ವಾಪಸ್ ತೆಗೆದುಕೊಂಡೆ. ಕೃಪೆಯ ಮಾತು ವಾಪಸ್ ಇಲ್ಲ, ಅದು ನಿಜವೇ. ಆದರೆ ಕೃಪೆ ಅಂತ ಹೇಳಿ ನಾನು ತಪ್ಪಿಸಿಕೊಂಡದ್ದೂ ನಿಜ. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ, ಹತ್ತಿರ ಇಲ್ಲ. ನನ್ನದೂ ಒಂದು ಸ್ಕೇಲ್ ಇದೆ, ಅದರ ಹೆಸರು ಅಣ್ಣ. ಜಮೀನಿನ ವಿಷಯ. ಮೂರು ವರ್ಷದಿಂದ ಮಾತಿಲ್ಲ. ಇಲ್ಲಿ ಬಿಚ್ಚಿ ಹೇಳಲು ಆಗುವುದಿಲ್ಲ.

ಬ್ರದರ್, ನಿಮಗೆ ಒಂದು ಪ್ರಾಕ್ಟಿಕಲ್ ಮಾತು. ನಾಳೆಯೇ ಹೋಗಿ ಮ್ಯಾನೇಜರ್ ಮುಂದೆ ಭಾಷಣ ಮಾಡಬೇಡಿ. ಕೆಲಸ ಹೋದರೆ ನಿಮ್ಮ ಜಾಗಕ್ಕೆ ಬರುವವನು ಒಂದೂವರೆ ಕೆಜಿ ಕಳೆಯಬಹುದು. ಖಾಲಿ ಚೀಲ ಎತ್ತಿಕೊಂಡು ಹೋಗಿ, ಅವರ ಮುಂದೆಯೇ ತೂಗಿ ತೋರಿಸಿ. ಮಾತು ಕಡಿಮೆ, ಚೀಲ ಮುಂದೆ. ಆಮೇಲೆ ಅವರಿಷ್ಟ.

ಮತ್ತೆ ಒಬ್ಬರೇ ಇರಬೇಡಿ. ನಮ್ಮ ಹಾಸನ ಕಡೆಯ ಸಿ.ಎಸ್.ಐ. ಸಭೆಗಳ ಬೇರು ವೆಸ್ಲಿಯನ್ ಮಿಷನ್‌ದು ತಾನೇ. ಅವರ ಹಳೇ ಪದ್ಧತಿ ಒಂದಿತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿದರು. ಒಬ್ಬೊಬ್ಬರಿಂದ ವಾರಕ್ಕೆ ಒಂದು ಪೆನ್ನಿ. ಗುಂಪಿನ ನಾಯಕ ಮನೆ ಮನೆಗೆ ಹೋಗಿ ವಸೂಲಿ ಮಾಡಬೇಕು. ಹಾಗೆ ಹೋದಾಗ ಯಾರು ಹೇಗೆ ಬದುಕುತ್ತಿದ್ದಾರೆ, ಯಾರ ಮನೆಯಲ್ಲಿ ಜಗಳ, ಯಾರು ಕುಡಿಯುತ್ತಾರೆ ಎಲ್ಲ ಕಣ್ಣಿಗೆ ಬಿತ್ತು. ಆ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಇದು ದುಡ್ಡಿಗಿಂತ ದೊಡ್ಡದು ಅಂತ ಅದನ್ನೇ ವಾರದ ಕೂಟ ಮಾಡಿದರು. ಒಬ್ಬರನ್ನೊಬ್ಬರು ನಿನ್ನ ಆತ್ಮ ಹೇಗಿದೆ ಅಂತ ಕೇಳುವ ಕೂಟ. ಸಾಲ ವಸೂಲಿಗೆ ಹೋದವರು ಬೇರೇನೋ ತಂದರು, ನನಗೆ ಈ ಕಥೆ ಬಹಳ ಇಷ್ಟ. ನಮ್ಮಲ್ಲಿ ಈಗ ಕಾಣಿಕೆ ಕವರ್ ಸರಿಯಾಗಿ ಬರುತ್ತದೆ, ಕೇಳುವವರು ಬರುವುದಿಲ್ಲ.

ನಾವಿಬ್ಬರು ಮಾಡೋಣವೇ? ಗುರುವಾರ ರಾತ್ರಿ ಪಲ್ಪರ್ ನಿಂತ ಮೇಲೆ ಮೆಸೇಜ್ ಮಾಡಿ. ನಾನು ಚೀಲ ಕೇಳುತ್ತೇನೆ, ನೀವು ಅಣ್ಣನನ್ನು ಕೇಳಿ.

---

ನಿವೃತ್ತ_ನರ್ಸ್ (ಹಾಸನ)

ಮಗಾ, ಹಳೆಯದೆಲ್ಲ ಒಂದೇ ದಿನ ತೀರಿಸುತ್ತೇನೆ ಅಂತ ಹೊರಡಬೇಡ. ಸುವಾರ್ತೆಯ ಸುಂಕದವನು ಜಕ್ಕಾಯ ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ, ಅವನು ದುಡ್ಡಿದ್ದವನು. ನೀನು ಸಂಬಳದವನು. ಕೈಗೆ ಸಿಗುವ ಒಬ್ಬರಿಂದ ಶುರು ಮಾಡು. ಮತ್ತೆ ಆ ನಾಲ್ಕೂವರೆಯನ್ನು ಕೊಯ್ಲು ಮುಗಿಯುವ ತನಕ ಐದೂಮುಕ್ಕಾಲು ಮಾಡು. ಇದು ನರ್ಸ್ ಆಗಿ ಹೇಳುತ್ತಿದ್ದೇನೆ.

---

ತೋಟದ_ರೈಟರ್ (ಮೂಡಿಗೆರೆ) *(ಐದು ವಾರದ ನಂತರ)*

ಏನಾಯಿತು ಅಂತ ಕೆಲವರು ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಅರೇಬಿಕಾ ಮುಗಿದಿತ್ತು, ರೋಬಸ್ಟಾ ಕೂಡ ಮೊನ್ನೆ ಮುಗಿಯಿತು. ಈಗ ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂತಿದ್ದಾರೆ.

ಚೀಲ ತೆಗೆದುಕೊಂಡು ಹೋದೆ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಮ್ಯಾನೇಜರ್ ನೋಡಿದರು. ಎಲ್ಲ ತೋಟದಲ್ಲೂ ಹೀಗೇ, ಎಲೆ ಕಡ್ಡಿ ಬರುತ್ತಲ್ಲ ಅದಕ್ಕೂ ಸೇರಿ ಅಂದರು. ಮಳೆ ಬಂದರೆ ನೀರಿನ ತೂಕ ಬೇರೆ ಅಂದರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಜೀಪ್ ಹತ್ತುವಾಗ 'ಅರ್ಧ ಕೆಜಿ ಹಿಡಿ, ಸಾಕು' ಅಂದರು. ಅಷ್ಟೇ. ಪೂರ್ತಿ ಗೆದ್ದೆ ಅನ್ನಲಾರೆ. ಆಮೇಲೂ ಚೀಲಕ್ಕೆ 380 ಗ್ರಾಂ ಜಾಸ್ತಿಯೇ ಹೋಯಿತು. ಆದರೆ ಮರುದಿನ ಸಂಜೆಯಿಂದ ಎಷ್ಟು ಕಳೆಯುತ್ತೇನೆ ಅಂತ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿ ಬರೆದೆ. ಮುಂಚೆ ಬಾಯಿ ಬಿಡುತ್ತಿರಲಿಲ್ಲ.

ಬೆಳಗಿನ ಪ್ರಾರ್ಥನೆ ಈಗ ಇಪ್ಪತ್ತು ನಿಮಿಷ. ಮಾರ್ಕ ಎರಡನೇ ಸುತ್ತು. ಸ್ಕೇಲ್ ಈಗಲೂ ಬರುತ್ತದೆ. ಮೊದಲು ಅದನ್ನು ಓಡಿಸಲು ಇನ್ನೂ ಜೋರಾಗಿ ಪ್ರಾರ್ಥಿಸುತ್ತಿದ್ದೆ, ಈಗ ಅದರ ಬಗ್ಗೆಯೇ ಮಾತಾಡುತ್ತೇನೆ. ದೂರ ಹತ್ತಿರ ಅಂತ ಅಳೆಯುವುದು ಬಿಟ್ಟಿದ್ದೇನೆ. ಅಪ್ಪನ ಸತ್ಯವೇದದಲ್ಲಿ ನಾನೂ ಪೆನ್ಸಿಲ್ ಇಟ್ಟಿದ್ದೇನೆ.

ಗುರುವಾರ ಆಲೂರಿನವರ ಜೊತೆ ಮಾತು ತಪ್ಪಿಲ್ಲ. ಅವರ ಅಣ್ಣನ ವಿಷಯ ಅವರೇ ಹೇಳಲಿ.

ಆ ಅಸ್ಸಾಂ ಹೆಂಗಸು ಕೊಯ್ಲು ಮುಗಿಸಿ ಊರಿಗೆ ಹೋಗಿಬಿಟ್ಟಿದ್ದಳು. ಸಂಬಳದ ಲೆಕ್ಕದಲ್ಲಿ ನಂಬರ್ ಇತ್ತು. ಅಮ್ಮ ಹೇಳಿದ ಹಾಗೆ ಒಬ್ಬರಿಂದ ಶುರು ಮಾಡೋಣ ಅಂತ ಫೋನ್‌ಪೇಯಲ್ಲಿ 440 ರೂಪಾಯಿ ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಬರುವ ವರ್ಷ ಜನ ಕರೆದುಕೊಂಡು ಬರಲು ಅಡ್ವಾನ್ಸ್ ಕಳಿಸಿದ್ದೀರಾ ಅಂತ ಕೇಳಿದಳು. ಅಲ್ಲಮ್ಮಾ ಅಂತ ನನ್ನ ಹರುಕು ಮುರುಕು ಹಿಂದಿಯಲ್ಲಿ ಚೀಲ, ಗೋಣಿ, ಪ್ಲಾಸ್ಟಿಕ್, 120 ಗ್ರಾಂ ಎಲ್ಲ ವಿವರಿಸಿದೆ. ತಪ್ಪಾಯಿತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗಲು ಶುರು ಮಾಡಿದಳು, ಪಕ್ಕದಲ್ಲಿದ್ದವರಿಗೂ ಹೇಳಿ ಅವರನ್ನೂ ನಗಿಸಿದಳು.

ಅದು ನಮಗೆ ಮೊದಲೇ ಗೊತ್ತಿತ್ತು ರೈಟರೇ, ಅದಕ್ಕೇ ಚೀಲದ ತಳಕ್ಕೆ ಒಂದೊಂದು ಹಿಡಿ ಎಲೆ ಹಾಕುತ್ತಿದ್ದೆವು ಅಂದಳು.

ಈಗ ಆ ಎಲೆಯನ್ನು ಯಾವ ಲೆಕ್ಕಕ್ಕೆ ಬರೆಯಲಿ ಅಂತ ಯೋಚಿಸುತ್ತಾ ಕೂತಿದ್ದೇನೆ.